ಮೌನದ ಕೋಣೆಯಲ್ಲಿ ಫೇಲಾದ ಜೀರುಂಡೆ

ಮಂಗಳವಾರ, ಮಾರ್ಚ್ ೧೨
ಕಾರ್ಖಾನೆಯ ನನ್ನ ಕೋಣೆ, ಊಟದ ವಿರಾಮ

ನನ್ನ ಚಿನಕುರುಳಿಗೆ,

ಅಮ್ಮನ ಒಂದು ಮುತ್ತು, ಆಮೇಲೆ ಬೆನ್ನಿಗೊಂದು ಸಣ್ಣ ಗುದ್ದು. ಮುತ್ತು ಕಾಗದ ಬರೆದಿದ್ದಕ್ಕೆ, ಗುದ್ದು ಹದಿನಾಲ್ಕು ತಿಂಗಳು ತಡಮಾಡಿದ್ದಕ್ಕೆ. ನಾವಿಬ್ಬರೂ ಆರಾಮಾಗಿದ್ದೇವೆ. ನಿಮ್ಮಪ್ಪ ಅಗತ್ಯಕ್ಕಿಂತ ಸ್ವಲ್ಪ ಹೆಚ್ಚೇ ಆರಾಮಾಗಿದ್ದಾರೆ. ಶಾಲೆಯಿಂದ ನಿವೃತ್ತರಾದ ಮೇಲೆ ಪಾಠ ಕೇಳುವ ಮಕ್ಕಳಿಲ್ಲವಲ್ಲ, ಇಡೀ ಭೂಗೋಳವನ್ನು ನನಗೊಬ್ಬಳಿಗೇ ಹೇಳುತ್ತಿದ್ದಾರೆ.

ನಿನ್ನ ಕಾಗದ ಶುಕ್ರವಾರ ಕೈಸೇರಿತು. ನಾಲ್ಕು ಸಲ ಓದಿದೆ. ನಿನ್ನ ಜೀರುಂಡೆ ಕಿವಿಯಂತ್ರಕ್ಕಾಗಿ ಮೂರು ಸಾವಿರ ಜನ ಹೆಸರು ಬರೆಸಿ ಕಾಯುತ್ತಿದ್ದಾರೆ, ಕೈಯಿಂದಲೇ ಪ್ಲಾಸ್ಟಿಕ್ ಕವಚದ ಅಚ್ಚು ಹಾಕಿದರೆ ದಿನಕ್ಕೆ ನಲವತ್ತರ ಮೇಲೆ ಆಗುವುದಿಲ್ಲ, ಸಾಕಾಗಿಹೋಗಿದೆ ಎಂದು ಬರೆದಿದ್ದೀಯ. ನಿನ್ನ ಸೋದರಮಾವ ಬಂದು, ಇದನ್ನೆಲ್ಲ ನಮ್ಮ ಕಾರ್ಖಾನೆಯೊಳಕ್ಕೇ ತಂದುಬಿಡು, ನಿನಗೇ ಒಂದು ವಿಭಾಗ ಕೊಡುತ್ತೇವೆ ಎಂದನಂತೆ. ಶನಿವಾರದೊಳಗೆ ಸಹಿ ಹಾಕಬೇಕಂತೆ. ಕೊನೆಯ ಸಾಲಿನಲ್ಲಿ, ಅಮ್ಮ ನೀನೇನು ಹೇಳುತ್ತೀಯ ಎಂದು ಕೇಳಿದ್ದೀಯ. ಆ ಸಾಲು ಓದಿದಾಗ ನನಗೆ ಕುಣಿಯುವಷ್ಟು ಖುಷಿಯಾಯಿತು ಕಣೇ. ಮಂಡಿ ನೋವಿದೆ, ಆದ್ದರಿಂದ ಕುಣಿಯಲಿಲ್ಲ.

ನನ್ನ ಉತ್ತರ ಇದು: ಬರಬೇಡ.

ಕಾಗದ ಮುದುರಿ ಎಸೆಯಬೇಡ, ಪೂರ್ತಿ ಓದು. ಅರ್ಧ ಕೇಳಿ ಬಾಗಿಲು ಬಡಿಯುವ ವಂಶ ನಮ್ಮದು ಅಂತ ನನಗೆ ಗೊತ್ತು. ಬಾಗಿಲು ಆಮೇಲೆ ಬೇಕಾದರೆ ಬಡಿ.

ಮೊದಲು ನನ್ನ ತಪ್ಪನ್ನು ಹೇಳಿಬಿಡುತ್ತೇನೆ. ನೀನು ಆ ಯಂತ್ರವನ್ನು ಮೂರು ಸಲ ನನ್ನ ಮುಂದೆ ತಂದಿಟ್ಟೆ. ನಮ್ಮ ಯಂತ್ರದ ಬೆಲೆಯಲ್ಲಿ ಹತ್ತರಲ್ಲೊಂದು ಪಾಲು, ಕೈಗಡಿಯಾರದ ಬ್ಯಾಟರಿಯಲ್ಲಿ ನಡೆಯುತ್ತದೆ, ಡಾಕ್ಟರು ಬೇಡ, ಅಳತೆ ಬೇಡ, ಪೆಟ್ಟಿಗೆಯಿಂದ ತೆಗೆದು ಕಿವಿಗಿಟ್ಟು ಒಂದು ಸಣ್ಣ ಚಕ್ರ ತಿರುಗಿಸಿದರೆ ಸಾಕು ಎಂದೆ. ಮೂರು ಸಲವೂ ನಾನು ಅದನ್ನು ಮೌನದ ಕೋಣೆಗೆ ಕಳಿಸಿದೆ. ಆ ಕೋಣೆಯನ್ನು ಕಟ್ಟಿಸಿದವಳು ನಾನೇ, ಇಪ್ಪತ್ತೆಂಟನೆಯ ವಯಸ್ಸಿನಲ್ಲಿ. ಒಂದು ಮೊಳ ದಪ್ಪದ ಗೋಡೆ, ಸುತ್ತ ಸ್ಪಂಜು, ಒಳಗೆ ನಿಂತರೆ ನಮ್ಮ ರಕ್ತ ಹರಿಯುವುದೇ ನಮಗೆ ಕೇಳುತ್ತದೆ. ಅಲ್ಲಿ ಪಾಸಾಗದ ಯಂತ್ರ ನಮ್ಮ ಗೇಟು ದಾಟುವುದಿಲ್ಲ ಎಂಬುದು ನಾನೇ ಮಾಡಿದ ನಿಯಮ. ಅದನ್ನು ನೋಡಿಕೊಳ್ಳುವ ಹಿರಿಯರನ್ನು ಎಲ್ಲರೂ ಮೌನಿ ಮೇಷ್ಟ್ರು ಅನ್ನುವುದು ನಿನಗೆ ಗೊತ್ತೇ ಇದೆ. ಅವರು ಮೂರು ಸಲವೂ ಹೊರಗೆ ಬಂದು ತಲೆಯಾಡಿಸಿದರು. ಸುಯ್ ಅನ್ನುತ್ತದೆ ಎಂದರು. ನಮ್ಮವರೆಲ್ಲ ನಕ್ಕು ಅದಕ್ಕೆ ಜೀರುಂಡೆ ಎಂದು ಹೆಸರಿಟ್ಟರು. ನೀನು ಅದೇ ಹೆಸರನ್ನು ಪೆಟ್ಟಿಗೆಯ ಮೇಲೆ ಅಚ್ಚು ಹಾಕಿಸಿ ಮಾರುತ್ತೀಯೆಂದು ಆಗ ಯಾರಿಗೆ ಗೊತ್ತಿತ್ತು!

ಮೂರನೆಯ ಸಲ ನಾನು ಕೆಂಪು ಪೆನ್ಸಿಲಿನಲ್ಲಿ ಅಡ್ಡಗೆರೆ ಎಳೆದಾಗ ನೀನು ಕೇಳಿದೆ, ಯಾಕೆ ಎಂದು. ನಾನು, ನಮ್ಮ ಗಿರಾಕಿಗಳನ್ನು ವಿಚಾರಿಸಿದ್ದೇವೆ, ಊರೂರಿನ ಕಿವಿ ಡಾಕ್ಟರುಗಳನ್ನು ಕೇಳಿದ್ದೇವೆ, ಒಬ್ಬರಿಗೂ ಇದು ಬೇಡ ಎಂದೆ. ಸುಳ್ಳಲ್ಲ. ನಿನ್ನ ಮಾವ ಎಂಬತ್ತು ಜನರನ್ನು ಕೇಳಿದ್ದ. ಆಗ ನೀನು ಹೇಳಿದ ಮಾತು ಇವತ್ತಿಗೂ ನನ್ನ ಎದೆಯಲ್ಲಿ ಹಾಗೇ ಇದೆ.

"ಬಂದವರನ್ನೇ ಕೇಳ್ತೀರ ಅಮ್ಮ. ಬಾರದೇ ಇರೋರನ್ನ ಯಾರು ಕೇಳೋದು?"

ನಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಇದು ಆಟಿಕೆ, ಕಾರ್ಖಾನೆಯ ಹೆಸರು ಕೆಡುತ್ತದೆ ಎಂದುಬಿಟ್ಟೆ. ನೀನು ನಿನ್ನ ಸ್ಕ್ರೂಡ್ರೈವರ್ ಡಬ್ಬಿ ಎತ್ತಿಕೊಂಡು ಹೋದೆ. ಆ ಬಟ್ಟೆ ಒಗೆಯುವ ಅಂಗಡಿಯ ಮಹಡಿಯನ್ನು ಬಾಡಿಗೆಗೆ ಹಿಡಿದೆ, ಗಡಿಯಾರ ರಿಪೇರಿ ಮಾಡುವ ಆಕೆಯನ್ನು ಜೊತೆಗೆ ಸೇರಿಸಿಕೊಂಡೆ ಎಂದು ಜನರ ಬಾಯಲ್ಲಿ ತಿಳಿಯಿತು. ತಿಂಗಳೊಪ್ಪತ್ತಿನಲ್ಲಿ ವಾಪಸು ಬರುತ್ತಾಳೆ ಎಂದುಕೊಂಡೆ. ಬರದಿದ್ದಾಗ ಸಿಟ್ಟು ಬಂತು, ಒಳಗೊಳಗೇ ಹೆಮ್ಮೆಯೂ ಆಯಿತು. ಯಾವುದು ಹೆಚ್ಚು ಎಂದು ಕೇಳಬೇಡ, ದಿನಕ್ಕೊಂದು ತರಹ ಇತ್ತು.

ಇನ್ನೊಂದು ವಿಷಯ ಹೇಳಬೇಕು. ಇದನ್ನು ಬರೆಯುವ ಮೊದಲು ಎದ್ದು ಹೋಗಿ ಎರಡು ಲೋಟ ನೀರು ಕುಡಿದು ಬಂದೆ. ನೀನು ಫೋನು ಮಾಡಿದಾಗಲೆಲ್ಲ ನಾನು ನಿಮ್ಮಪ್ಪನ ಕೈಗೆ ಕೊಟ್ಟುಬಿಡುತ್ತಿದ್ದೆನಲ್ಲ, ಅಮ್ಮನಿಗೆ ಇನ್ನೂ ಕೋಪ ಆರಿಲ್ಲ ಎಂದು ನೀನು ಅವರ ಹತ್ತಿರ ಅತ್ತೆಯಂತಲ್ಲ. ಕೋಪವಲ್ಲ ಮಗಳೇ. ನನಗೆ ಕಿವಿ ಕೇಳಿಸುತ್ತಿರಲಿಲ್ಲ.

ನಗು, ಪರವಾಗಿಲ್ಲ. ದೀಪದ ಬುಡದಲ್ಲಿ ಕತ್ತಲೆ ಅನ್ನುತ್ತಾರಲ್ಲ, ಅದಕ್ಕೆ ನಿನ್ನ ಅಮ್ಮನಿಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಎರಡು ವರ್ಷದ ಮೇಲಾಯಿತು. ಎದುರಿಗೆ ಕೂತು ಮಾತಾಡಿದರೆ ತುಟಿ ನೋಡಿ ಸಂಭಾಳಿಸುತ್ತಿದ್ದೆ, ಫೋನಿನಲ್ಲಿ ತುಟಿ ಎಲ್ಲಿ ಕಾಣಬೇಕು? ನಮ್ಮದೇ ಯಂತ್ರ ಹಾಕಿಕೊಳ್ಳಬಹುದಿತ್ತಲ್ಲ ಅನ್ನುತ್ತೀಯ. ಹೇಗೆ ಹಾಕಿಕೊಳ್ಳಲಿ? ಅದಕ್ಕೆ ಡಾಕ್ಟರ ಹತ್ತಿರ ಹೋಗಬೇಕು, ಕಿವಿ ಪರೀಕ್ಷೆಯ ಗಾಜಿನ ಪೆಟ್ಟಿಗೆಯಲ್ಲಿ ಕೂರಬೇಕು, ಮೂರು ಸಲ ಅಳತೆ ಕೊಡಬೇಕು. ಊರಿನ ಕಿವಿ ಡಾಕ್ಟರುಗಳೆಲ್ಲ ನಮ್ಮ ಗಿರಾಕಿಗಳೇ. ಬೆಳಿಗ್ಗೆ ಹೋದರೆ ಮಧ್ಯಾಹ್ನದೊಳಗೆ ಕಿವಿಯಂತ್ರದ ಕಾರ್ಖಾನೆಯ ಒಡತಿ ಕಿವುಡಿ ಎಂದು ಡಂಗುರವಾಗುತ್ತಿತ್ತು. ನಾಚಿಕೆಯಾಯಿತು, ಹೋಗಲಿಲ್ಲ. ನೀನು ಅವತ್ತು ಕೇಳಿದೆಯಲ್ಲ, ಬಾರದವರನ್ನು ಯಾರು ಕೇಳುವುದು ಎಂದು. ಆ ಬಾರದವರಲ್ಲಿ ಒಬ್ಬಳು ನಿನ್ನೆದುರಿಗೇ ಕುರ್ಚಿಯಲ್ಲಿ ಕೂತಿದ್ದಳು.

ಮನೆಯಲ್ಲಿ ನಡೆದ ಫಜೀತಿ ಕೇಳು. ನಿಮ್ಮಪ್ಪ ಏನು ಹೇಳಿದರೂ ನಾನು ಹೂಂ ಅನ್ನುತ್ತಿದ್ದೆ, ಸರಿ ಅನ್ನುತ್ತಿದ್ದೆ, ಆಮೇಲೆ ನೋಡೋಣ ಅನ್ನುತ್ತಿದ್ದೆ. ಅದರ ಫಲವಾಗಿ ನಮ್ಮ ಬಚ್ಚಲಮನೆಗೆ ಪಾಚಿ ಬಣ್ಣ ಬಂದಿದೆ. ಅವರ ಸ್ನೇಹಿತನ ಗಿಳಿಯನ್ನು ಆರು ತಿಂಗಳು ಸಾಕಲು ಒಪ್ಪಿದವಳೂ ನಾನೇ ಅಂತೆ. ಆ ಗಿಳಿ ದಿನವಿಡೀ ಏನೋ ವಟಗುಟ್ಟುತ್ತಿತ್ತು, ನಿಮ್ಮಪ್ಪ ಬಿದ್ದು ಬಿದ್ದು ನಗುತ್ತಿದ್ದರು, ನಾನೂ ಸುಮ್ಮನೆ ಜೊತೆಗೆ ನಗುತ್ತಿದ್ದೆ.

ಹೋದ ತಿಂಗಳು ಮೂಲೆಯ ಔಷಧಿ ಅಂಗಡಿಯಿಂದ ಒಂದು ಜೀರುಂಡೆ ತರಿಸಿದೆ. ನಿಮ್ಮಪ್ಪನಿಗೂ ಹೇಳಲಿಲ್ಲ. ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಕಿವಿಗೆ ಇಟ್ಟು ಚಕ್ರ ತಿರುಗಿಸಿದೆ. ಸುಯ್ ಅಂದಿತು. ನೋಡಿದೆಯಾ, ನಾನು ಹೇಳಿರಲಿಲ್ಲವೇ ಎಂದು ನನಗೇ ನಾನು ಹೇಳಿಕೊಂಡೆ. ಅಷ್ಟರಲ್ಲಿ ಪಾತ್ರೆಯ ನೀರು ಕುದಿಯಲು ಶುರುವಾಯಿತು. ನಲ್ಲಿ ತೊಟ್ಟಿಕ್ಕುತ್ತಿತ್ತು, ಎಷ್ಟು ದಿನದಿಂದಲೋ ಏನೋ. ಬೀದಿಯಲ್ಲಿ ಯಾರೋ ಸೈಕಲ್ ಗಂಟೆ ಬಾರಿಸಿದರು. ಹಾಗೆ ಒಂದೊಂದೇ ಸದ್ದು ಬಂದು ಕೂತಾಗ ಆ ಸುಯ್ ಎಲ್ಲಿ ಹೋಯಿತೋ ಗೊತ್ತೇ ಆಗಲಿಲ್ಲ. ಆಮೇಲೆ ಗಿಳಿ ಬಾಯಿ ಬಿಟ್ಟಿತು. ನನ್ನದೇ ದನಿಯಲ್ಲಿ, ನನ್ನದೇ ಉದಾಸೀನದಲ್ಲಿ, "ಹೂಂ, ಸರಿ, ಆಮೇಲೆ ನೋಡೋಣ" ಅಂದಿತು. ನಾನು ಅಲ್ಲೇ ಗೋಡೆಗೆ ಒರಗಿ ನಕ್ಕೆ ನೋಡು, ಹೊಟ್ಟೆ ಹಿಡಿದುಕೊಂಡು ನಕ್ಕೆ. ಆ ದಿನವೆಲ್ಲ ನಿಮ್ಮಪ್ಪ ಹೇಳಿದ್ದಕ್ಕೆಲ್ಲ ಸರಿಯಾದ ಉತ್ತರ ಕೊಟ್ಟೆ. ಅವರಿಗೆ ಗಾಬರಿಯಾಗಿ ಜ್ವರ ಇದೆಯೇನೋ ಎಂದು ಹಣೆ ಮುಟ್ಟಿ ನೋಡಿದರು.

ಅವತ್ತು ನನಗೆ ಒಂದು ವಿಷಯ ತಲೆಗೆ ಹೋಯಿತು. ಮೌನದ ಕೋಣೆಯಲ್ಲಿ ಯಾರು ವಾಸ ಮಾಡುತ್ತಾರೆ? ಮೌನಿ ಮೇಷ್ಟ್ರನ್ನು ಬಿಟ್ಟರೆ ಯಾರೂ ಇಲ್ಲ. ನಿನ್ನ ಯಂತ್ರ ಹಾಕಿಕೊಳ್ಳುವವರು ಬಸ್ಸಿನಲ್ಲಿ, ಸಂತೆಯಲ್ಲಿ, ತರಗತಿಯಲ್ಲಿ, ಮೊಮ್ಮಕ್ಕಳ ಗಲಾಟೆಯ ನಡುವೆ ಇರುವವರು. ನೀನು ಕೆಳಗಿನ ಅಂಗಡಿಯ ಬಟ್ಟೆ ಒಗೆಯುವ ಯಂತ್ರಗಳ ಪಕ್ಕದಲ್ಲಿ ನಿಂತು ಜೀರುಂಡೆಯನ್ನು ಪರೀಕ್ಷೆ ಮಾಡುತ್ತೀಯಂತೆ ಎಂದು ಕೇಳಿ ನಾವೆಲ್ಲ ನಕ್ಕಿದ್ದೆವು. ಮೂವತ್ತು ವರ್ಷ ತಪ್ಪು ಕೋಣೆಯಲ್ಲಿ ಪರೀಕ್ಷೆ ಮಾಡಿದವರು, ಸರಿಯಾದ ಕೋಣೆ ಹುಡುಕಿದವಳನ್ನು ನೋಡಿ ನಕ್ಕೆವು. ಹಿತ್ತಲ ಗಿಡ ಮದ್ದಲ್ಲ ಅಂತ ಸುಮ್ಮನೆ ಹೇಳುತ್ತಾರೆಯೇ?

ಈಗ ನಿನ್ನೆಯ ಕತೆ. ಸೋಮವಾರ ಬೆಳಿಗ್ಗೆ ನಿನ್ನ ಮಾವ ಎಲ್ಲ ವಿಭಾಗದವರನ್ನೂ ಸೇರಿಸಿ ಸಭೆ ಮಾಡಿದ. ಜೀರುಂಡೆಯನ್ನು ಒಳಗೆ ತರುವ ಯೋಜನೆ. ನಾನು ಕೂದಲಿನ ಮರೆಯಲ್ಲಿ ಜೀರುಂಡೆ ಇಟ್ಟುಕೊಂಡೇ ಕೂತಿದ್ದೆ. ಎರಡು ವರ್ಷದ ಮೇಲೆ ನಾನು ಪೂರ್ತಿ ಕೇಳಿಸಿಕೊಂಡ ಮೊದಲ ಸಭೆ ಅದು. ನಿನ್ನ ಮಾವನಿಗೆ ನಿನ್ನ ಮೇಲೆ ಪ್ರೀತಿ ಇಲ್ಲ ಎಂದುಕೊಳ್ಳಬೇಡ, ನಮ್ಮ ಹುಡುಗಿ ಗೆದ್ದಳು ಎಂದು ಎದೆಯುಬ್ಬಿಸಿಕೊಂಡೇ ಶುರುಮಾಡಿದ. ಆಮೇಲೆ ಒಬ್ಬೊಬ್ಬರೇ ಬಾಯಿಬಿಟ್ಟರು. ಮೊದಲು ಆ ಸುಯ್ ಸದ್ದನ್ನು ತೆಗೆಯಬೇಕು, ಅದಕ್ಕೆ ಇನ್ನೊಂದು ಎಲೆಕ್ಟ್ರಾನಿಕ್ ಚಿಪ್ ಬೇಕು ಎಂದರು ಒಬ್ಬರು. ಆ ಚಿಪ್‌ಗೆ ಗಡಿಯಾರದ ಬ್ಯಾಟರಿ ಸಾಲದು, ನಮ್ಮದೇ ಬ್ಯಾಟರಿ ಹಾಕೋಣ ಎಂದರು ಇನ್ನೊಬ್ಬರು. ಡಾಕ್ಟರುಗಳು ಬೇಜಾರು ಮಾಡಿಕೊಳ್ಳುತ್ತಾರೆ, ಅವರ ಮೂಲಕವೇ ಅಳತೆ ಕೊಟ್ಟು ಮಾರೋಣ ಎಂದ ನಿನ್ನ ಮಾವ. ಜೀರುಂಡೆ ಎಂಬ ಹೆಸರು ಚೆನ್ನಾಗಿಲ್ಲ, ಶ್ರವಣ ಸೌರಭ ಎಂದು ಇಡಬಹುದು ಎಂದೂ ಅಂದ. ಕಿವಿಗೆ ಸುವಾಸನೆ ಯಾತಕ್ಕೋ ನನಗಂತೂ ತಿಳಿಯಲಿಲ್ಲ.

ಒಂದೂವರೆ ಗಂಟೆಯಲ್ಲಿ ನಿನ್ನ ಜೀರುಂಡೆ ಹೋಗಿ ನಮ್ಮ ಒಂಬತ್ತನೇ ಮಾದರಿಯಾಗಿ ಕೂತಿತ್ತು. ಅದೇ ಬೆಲೆ, ಅದೇ ಡಾಕ್ಟರು, ಅದೇ ಮೂರು ಅಳತೆ. ಅಲ್ಲಿ ಕೆಟ್ಟವರು ಒಬ್ಬರೂ ಇರಲಿಲ್ಲ. ಎಲ್ಲರೂ ತಮ್ಮ ತಮ್ಮ ಕೆಲಸವನ್ನು ಅಚ್ಚುಕಟ್ಟಾಗಿ ಮಾಡುತ್ತಿದ್ದರು, ಅಪಾಯ ಇರುವುದೇ ಅದರಲ್ಲಿ. ನೀನು ಇಲ್ಲಿಗೆ ಬಂದರೆ ನಿನ್ನ ಯಂತ್ರವನ್ನು ಯಾರೂ ಹಾಳು ಮಾಡುವುದಿಲ್ಲ ಮಗಳೇ, ಚೆನ್ನಾಗಿ ಮಾಡಿ ಮಾಡಿಯೇ ಮುಗಿಸಿಬಿಡುತ್ತೇವೆ. ಆಗ ಆ ಮೂರು ಸಾವಿರ ಜನ ಮತ್ತೆ ಬಾರದವರಾಗುತ್ತಾರೆ.

ನನಗೆ ನಿಮ್ಮಜ್ಜ ನೆನಪಾದರು. ರೇಡಿಯೋ ರಿಪೇರಿಯ ಬೆಂಚಿನ ಮೇಲೆ ಅವರು ಮಾಡಿದ ಮೊದಲ ಯಂತ್ರ ಸೋಪಿನ ಡಬ್ಬಿಯಷ್ಟು ದೊಡ್ಡದು, ಎದೆಗೆ ಕಟ್ಟಿಕೊಳ್ಳಬೇಕು, ನಡೆದರೆ ಬಟ್ಟೆ ಉಜ್ಜಿ ಕರಕರ ಅನ್ನುತ್ತಿತ್ತು. ಆಗಿನ ದೊಡ್ಡ ಕಂಪನಿಯವರು ಅದನ್ನು ಕೈಯಲ್ಲಿ ಹಿಡಿದು ನಕ್ಕಿದ್ದನ್ನು ನಾನು ಅಂಗಡಿಯ ಮೂಲೆಯಲ್ಲಿ ನಿಂತು ನೋಡಿದ್ದೇನೆ. ಆ ಕಂಪನಿ ಈಗಿಲ್ಲ. ನಾವಿದ್ದೇವೆ, ನಗುವ ಸರದಿ ನಮಗೆ ಬಂದಿತ್ತು.

ಆಗ ಸಭೆಯಲ್ಲಿ ನಾನು ಎದ್ದು ನಿಂತೆ. ಕಿವಿಯಿಂದ ಜೀರುಂಡೆ ತೆಗೆದು ಮೇಜಿನ ನಡುವೆ ಇಟ್ಟೆ. ಎರಡು ವರ್ಷದಿಂದ ನನಗೆ ಸರಿಯಾಗಿ ಕೇಳಿಸುತ್ತಿರಲಿಲ್ಲ, ಈಗ ಒಂದು ತಿಂಗಳಿಂದ ಕೇಳಿಸುತ್ತಿದೆ, ಇದರಿಂದ ಎಂದೆ. ಎಲ್ಲರ ಬಾಯಿ ತೆರೆದೇ ಇತ್ತು. ಯಾರಾದರೂ ಏನಾದರೂ ಹೇಳಿದರೋ ಇಲ್ಲವೋ ನನಗೆ ತಿಳಿಯದು, ಯಂತ್ರ ಮೇಜಿನ ಮೇಲಿತ್ತಲ್ಲ. ಮತ್ತೆ ಹಾಕಿಕೊಂಡು ನೋಡಿದರೆ ಮೌನಿ ಮೇಷ್ಟ್ರು ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ತಮಗೂ ಎರಡೂ ಕಿವಿ ಮಂದವಾಗಿ ಆರು ವರ್ಷವಾಯಿತು, ಆ ಸುಯ್ ಸದ್ದನ್ನು ತಾವು ಒಂದು ಸಲವೂ ಕಿವಿಯಾರೆ ಕೇಳಿಲ್ಲ, ಮೀಟರಿನ ಮುಳ್ಳು ನೋಡಿ ಫೇಲು ಮಾಡಿದ್ದು ಎಂದು ತಲೆ ತಗ್ಗಿಸಿಕೊಂಡು ಹೇಳಿದರು. ಆಮೇಲೆ ನಾಚುತ್ತಾ, ಒಂದು ತಮಗೂ ಸಿಗುತ್ತದೆಯೇ ಎಂದು ಕೇಳಿದರು. ಕೋಣೆಯಲ್ಲಿ ಎಂಥ ನಗು ಎದ್ದಿತು ಅನ್ನುತ್ತೀಯ, ಅವರೂ ಕಣ್ಣೊರೆಸಿಕೊಂಡು ನಕ್ಕರು.

ನಿನ್ನ ಮಾವನೊಬ್ಬ ನಗಲಿಲ್ಲ. ಅವನ ಚಿಂತೆಯೂ ನಿಜವೇ. ಜೀರುಂಡೆ ಹೊರಗೇ ಬೆಳೆದರೆ ನಮ್ಮ ಅರ್ಧ ಗಿರಾಕಿಗಳು ಅತ್ತ ಹೋಗುತ್ತಾರೆ. "ಕೂತ ಕೊಂಬೆನ ನಾವೇ ಕಡಿಯೋದಾ ಅಕ್ಕ?" ಎಂದು ಕೇಳಿದ. ಅವನ ದನಿ ನಡುಗುತ್ತಿತ್ತು, ಅದೂ ನನಗೆ ಕೇಳಿಸಿತು.

"ಕಡಿಯೋಕೆ ಹೊರಗಡೆ ಜನ ಕೊಡಲಿ ಹಿಡ್ಕೊಂಡು ನಿಂತಿದಾರೆ ಕಣೋ," ಎಂದೆ. "ಮನೆ ಮಗಳು ಕಡಿದ್ರೆ ಸೌದೆಯಾದ್ರೂ ಮನೆಗೆ ಬರುತ್ತೆ."

ನಮ್ಮ ಎರಡನೇ ಅಚ್ಚಿನ ಯಂತ್ರವನ್ನು ನಿನಗೆ ಬಾಡಿಗೆಗೆ ಕೊಡೋಣ ಎಂದೂ ಹೇಳಿದೆ. ಕೊನೆಗೆ ಅವನು, ಅದನ್ನು ಸಾಗಿಸಲು ದೊಡ್ಡ ಲಾರಿ ಬೇಕಾಗುತ್ತದೆ ಎಂದ. ಒಪ್ಪಿದೆ ಎಂದು ನೇರವಾಗಿ ಹೇಳುವ ಅಭ್ಯಾಸ ಅವನಿಗೆ ಯಾವತ್ತು ಇತ್ತು?

ಆದ್ದರಿಂದ ಹೀಗೆ ನಿರ್ಧಾರವಾಗಿದೆ. ನಮ್ಮ ಎರಡನೇ ಅಚ್ಚಿನ ಯಂತ್ರ ವರ್ಷದಲ್ಲಿ ಎಂಟು ತಿಂಗಳು ಮುಸುಕು ಹಾಕಿಕೊಂಡು ಮಲಗಿರುತ್ತದೆ, ಅದು ನಿನ್ನಲ್ಲಿಗೆ ಬರುತ್ತದೆ. ದಾನವಲ್ಲ, ಬೇರೆಯವರು ಎಷ್ಟು ಬಾಡಿಗೆ ಕೊಡುತ್ತಾರೋ ಅಷ್ಟು ನೀನೂ ಕೊಡು, ಯಾರಿಗೂ ಋಣ ಬೇಡ. ಮಹಡಿಯ ಮೆಟ್ಟಿಲಲ್ಲಿ ಅದು ಹತ್ತುವುದಿಲ್ಲ, ಹಿಂದಿನ ಗೋದಾಮನ್ನು ವಿಚಾರಿಸು. ಕಾರ್ಖಾನೆ ನಿನ್ನ ಕಂಪನಿಯಲ್ಲಿ ಒಂದು ಸಣ್ಣ ಪಾಲು ತೆಗೆದುಕೊಳ್ಳುತ್ತದೆ. ನಿನ್ನ ಬಾಗಿಲು ನಿನ್ನದೇ, ಜನ ನಿನ್ನವರೇ. ನಮ್ಮಿಂದ ಯಾರೂ ಬಂದು ಹೀಗೆ ಮಾಡು ಹಾಗೆ ಮಾಡು ಎಂದು ಹೇಳಕೂಡದು, ನಾನೂ ಸೇರಿ. ನಮ್ಮ ಗಿರಾಕಿಗಳು ನಿನ್ನ ಹತ್ತಿರ ಬಂದರೆ ಸಂಕೋಚಪಡದೆ ಮಾರು. ಕಿವಿ ಪೂರ್ತಿ ಹೋದವರಿಗೆ ನಮ್ಮ ಯಂತ್ರವೇ ಬೇಕು, ಆ ಕೆಲಸ ನಾವು ಮಾಡಿಕೊಂಡಿರುತ್ತೇವೆ. ಒಂದೇ ಒಂದು ಪರೀಕ್ಷೆ ಮಾತ್ರ ನನ್ನ ಒತ್ತಾಯಕ್ಕೆ ಇಟ್ಟುಕೋ: ಕಿವಿಗೆ ಪೆಟ್ಟಾಗುವಷ್ಟು ಜೋರಾಗದಂತೆ ಪ್ರತಿಯೊಂದನ್ನೂ ನೋಡಿ ಕಳಿಸು. ಅದಕ್ಕೆ ಮೌನಿ ಮೇಷ್ಟ್ರೇ ಮೀಟರು ಹಿಡಿದುಕೊಂಡು ನಿನ್ನ ಬಟ್ಟೆ ಒಗೆಯುವ ಅಂಗಡಿಗೆ ಬರುತ್ತಾರಂತೆ. ಆ ಗದ್ದಲದಲ್ಲಿ ಅವರನ್ನು ನೋಡಬೇಕು ಎಂದು ನನಗೆ ಭಾರಿ ಆಸೆ.

ಶನಿವಾರ ನಿನ್ನ ಮಾವ ತರುವುದು ಈ ಹೊಸ ಕಾಗದ. ನಿಧಾನವಾಗಿ ಓದಿ, ಒಪ್ಪಿಗೆಯಾದರೆ ಸಹಿ ಹಾಕು.

ಇದನ್ನೆಲ್ಲ ನಾನು ದೊಡ್ಡ ಮನಸ್ಸಿನಿಂದ ಮಾಡಿದೆ ಎಂದು ತಿಳಿಯಬೇಡ. ನೀನು ದಿನಾ ಬೆಳಿಗ್ಗೆ ನನ್ನ ಪಕ್ಕದ ಕೋಣೆಗೆ ಬಂದು ಕೂರುವುದನ್ನು ನಾನು ಎಷ್ಟು ಸಲ ಕಲ್ಪಿಸಿಕೊಂಡಿಲ್ಲ? ಬರಬೇಡ ಎಂದು ಬರೆಯಲು ಮೂರು ಹಾಳೆ ಹರಿದಿದ್ದೇನೆ. ಕ್ಷಮಿಸು ಎಂಬ ಮಾತನ್ನು ನಮ್ಮ ವಂಶದಲ್ಲಿ ಯಾರೂ ಆಡಿದ ದಾಖಲೆಯಿಲ್ಲ, ನಾನೇ ಶುರುಮಾಡುತ್ತೇನೆ. ಕ್ಷಮಿಸು ಮಗಳೇ. ನೀನು ಹೇಳಿದ್ದು ಸರಿ, ನಾನು ಕೇಳಿಸಿಕೊಳ್ಳಲಿಲ್ಲ, ಅದಕ್ಕೆ ಕಿವಿಯ ಮೇಲೆ ತಪ್ಪು ಹೊರಿಸುವುದಿಲ್ಲ.

ಕಾರ್ಖಾನೆಗೆ ಬರಬೇಡ. ಮನೆಗೆ ಬಾ. ಭಾನುವಾರ ಬೆಳಿಗ್ಗೆಯೇ ಬಾ, ಆ ಗಡಿಯಾರದಾಕೆಯನ್ನೂ ಕರೆದುಕೊಂಡು ಬಾ. ಪಾಚಿ ಬಣ್ಣದ ಬಚ್ಚಲಮನೆ ನೋಡಿ ನಗುವಿಯಂತೆ. ಅಪ್ಪನಿಗೆ ಹೇಳಿಲ್ಲ, ಹೇಳಿದರೆ ಇವತ್ತಿನಿಂದಲೇ ಗೇಟಿನ ಹತ್ತಿರ ಕುರ್ಚಿ ಹಾಕಿಕೊಂಡು ಕೂರುತ್ತಾರೆ.

ಇಂತು ನಿನ್ನನ್ನು ಮೂರು ಸಲ ಫೇಲು ಮಾಡಿ ತಾನೇ ಫೇಲಾದ,
ನಿನ್ನ ಅಮ್ಮ

ತಾಜಾ ಕಲಂ: ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಅಳಿಸಿದರೆ ಕಾಗದ ಗಲೀಜಾಗುತ್ತದೆ, ಇಲ್ಲೇ ಒಪ್ಪಿಕೊಳ್ಳುತ್ತೇನೆ. ಜೀರುಂಡೆಯನ್ನು ಔಷಧಿ ಅಂಗಡಿಯಿಂದ ತರಿಸಲಿಲ್ಲ, ಮೊದಲು ಹಾಕಿಕೊಂಡದ್ದು ಅಡುಗೆಮನೆಯಲ್ಲೂ ಅಲ್ಲ. ಬಸ್ ನಿಲ್ದಾಣದ ಪಕ್ಕ ನೀವು ಗುರುವಾರ ಒಂದಷ್ಟು ಯಂತ್ರ ಅಲ್ಲೇ ಕೊಡುವ ಮಳಿಗೆಗೆ ನಾನೇ ಬಂದಿದ್ದೆ. ತಲೆಗೆ ಬಟ್ಟೆ ಸುತ್ತಿ, ಕಪ್ಪು ಕನ್ನಡಕ ಹಾಕಿ, ಸಾಲಿನಲ್ಲಿ ಮುಕ್ಕಾಲು ಗಂಟೆ ನಿಂತೆ. ಗಡಿಯಾರದಾಕೆ ಹೆಸರು ಕೇಳಿದಾಗ ಪಕ್ಕದ ಮನೆಯವಳ ಹೆಸರು ಕೊಟ್ಟೆ. ನೀನು ಪರದೆಯ ಹಿಂದೆ ಯಾರೋ ಅಜ್ಜನ ಜೊತೆ ಮಾತಾಡುತ್ತಿದ್ದೆ. ಆಕೆ ನನ್ನ ಕಿವಿಗೆ ಯಂತ್ರ ಇಟ್ಟು ಚಕ್ರ ತಿರುಗಿಸಿದಳು, ಅದೇ ಗಳಿಗೆಗೆ ನೀನು ಒಳಗೆ ನಕ್ಕೆ. ಮನೆಬಿಟ್ಟು ಹೋಗುವ ಮೊದಲೂ ಎಷ್ಟೋ ದಿನ ನೀನು ನಗುವುದನ್ನು ನಾನು ಬರೀ ನೋಡುತ್ತಿದ್ದೆ ಕಣೇ, ಕೇಳಿರಲಿಲ್ಲ. ನನ್ನ ಕಣ್ಣಲ್ಲಿ ನೀರು ಕಂಡು ಸದ್ದು ಜಾಸ್ತಿಯಾಯಿತೇನೋ ಎಂದು ಆಕೆ ತಗ್ಗಿಸಲು ಕೈ ಚಾಚಿದಳು. ಬೇಡ, ಇನ್ನೂ ಸ್ವಲ್ಪ ಜೋರು ಮಾಡು ಎಂದೆ.